ನೈಋತ್ಯದ ಬಾಗಿಲು

ನಮ್ಮ ಇಂಗ್ಲಿಷ್ ಮೇಡಂ ಅವರ ಬಲಗೈ ಮೊಣಕೈಯಿಂದಾಚೆಗೆ ಹೊರಮುಖವಾಗಿ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಮುರಿದ ಮೂಳೆ ನೆಟ್ಟಗೆ ಕೂಡಿರಲಿಲ್ಲ. ಬೇರೆಯವರಾಗಿದ್ದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಮೇಡಂ ಅದನ್ನೇ ಪಾಠಕ್ಕೆ ಹಚ್ಚಿದ್ದರು. ಪೂರ್ವಕ್ಕೆ ತಿರುಗಿ ನಿಂತು ಕೈ ಚಾಚಿ, "ಹೆಗಲಿಂದ ಇಲ್ಲೀವರ್ಗೂ ಈಸ್ಟ್. ಇಲ್ಲಿಂದಾಚೆಗೆ ಸೌತ್ ಈಸ್ಟ್. ಬೆರಳು ಎಲ್ಲಿಗೆ ಹೋಯ್ತು ನೋಡಿ," ಎನ್ನುತ್ತಿದ್ದರು. ಕಿಟಕಿಯಾಚೆ ಚಾಮುಂಡಿ ಬೆಟ್ಟ ಕಾಣುತ್ತಿತ್ತು.

ಕೃಷ್ಣಮೂರ್ತಿಪುರಂನ ಅವರ ಮನೆಯಲ್ಲಿ ಸಂಜೆ ಹೊತ್ತು ದುಡಿಯುವ ಹೆಂಗಸರಿಗೆ ಇಂಗ್ಲಿಷ್ ಕ್ಲಾಸು ನಡೆಯುತ್ತಿತ್ತು. ನಾನಾಗ ಹೂಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕಸ ಗುಡಿಸುತ್ತಿದ್ದೆ. ಸೂಪರ್‌ವೈಸರ್ ನಾರ್ತ್ ವೆಸ್ಟ್ ಬ್ಲಾಕ್ ಎಂದರೆ ತಲೆಯಾಡಿಸಿ ಇನ್ನೆಲ್ಲಿಗೋ ಹೋಗಿ, ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಬೈಸಿಕೊಂಡು ಬರುತ್ತಿದ್ದೆ. ಅದಕ್ಕೇ ಕ್ಲಾಸಿಗೆ ಸೇರಿದ್ದು.

ಮೊದಲ ದಿನವೇ ನಾರ್ತ್ ಈಸ್ಟ್ ಎಲ್ಲಿದೆ ತೋರಿಸು ಎಂದರು. ಅದು ಈಶಾನ್ಯ, ದೇವಮೂಲೆ ಎಂಬುದು ನನಗೆ ಗೊತ್ತಿತ್ತು. ಗೋಡೆಯಲ್ಲಿ ದೇವರ ಪಟ ಹುಡುಕಿ ಧೈರ್ಯವಾಗಿ ಆ ಕಡೆಗೆ ಕೈ ತೋರಿಸಿದೆ. ಉಳಿದವರೆಲ್ಲ ನಕ್ಕರು. ಅವರೂ ಒಂದು ದಿನ ಹಾಗೇ ತೋರಿಸಿದವರು. ಮೇಡಂ ಪಟವನ್ನು ತದ್ವಿರುದ್ಧವಾದ ನೈಋತ್ಯದಲ್ಲಿ, ಬೀದಿ ಬಾಗಿಲ ಪಕ್ಕ ನೇತು ಹಾಕಿದ್ದರು. ದೇವಮೂಲೆಯಲ್ಲಿ ಗ್ಯಾಸ್ ಒಲೆ ಇತ್ತು.

"ದೇವ್ರು ಒಂದೇ ಮೂಲೆ ಹಿಡಿದು ಕೂತಿಲ್ಲ ಕಣಮ್ಮ," ಎಂದರು ಮೇಡಂ. "ಸೂರ್ಯ ಎಲ್ಲಿ ಹುಟ್ತಾನೆ, ಅದನ್ನ ನೋಡಿ ಹೇಳು."

ಬೀದಿ ಬಾಗಿಲು ನೈಋತ್ಯಕ್ಕಿದ್ದುದಕ್ಕೆ ಬೀದಿಯವರೆಲ್ಲ ಮೂಗು ಮುರಿಯುತ್ತಿದ್ದರು. ಮೇಡಂ ಮದುವೆಯಾಗದೆ ಉಳಿದದ್ದಕ್ಕೆ ಆ ಬಾಗಿಲೇ ಕಾರಣವಂತೆ. ಕೈ ಮುರಿದದ್ದಕ್ಕೂ ಅದೇ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಮೇಡಂ ನಗುತ್ತಿದ್ದರು. "ನಮ್ಮನೇಲಿ ಕೈ ಡೊಂಕು. ನೆಲ ನೆಟ್ಟಗಿದೆ."

ಒಂದು ವರ್ಷ ಅವರಿಗೆ ಉಸಿರಾಟದ ತೊಂದರೆ ಶುರುವಾಯಿತು. ಹಿತ್ತಿಲ ಕಡೆಯ ಮನೆಯಲ್ಲಿದ್ದ ಅವರ ತಮ್ಮ ವಾಸ್ತು ನೋಡುವವರೊಬ್ಬರನ್ನು ಕರೆತಂದರು. ಬಾಗಿಲು ಮುಚ್ಚಿಸಿ ಈಶಾನ್ಯಕ್ಕೆ ಬೇರೆ ಇಡಿಸಬೇಕು ಎಂದಾಯಿತು. ಹಾಗೆ ಮಾಡಿದರೆ ನಾವು ತಮ್ಮನ ಅಂಗಳ ದಾಟಿಕೊಂಡೇ ಕ್ಲಾಸಿಗೆ ಬರಬೇಕು. ಅಲ್ಲಿ ಯಾವ ಜಾತಿಯವರು ಕಾಲಿಡಬಹುದು, ಯಾರು ಇಡಬಾರದು ಎಂದು ಅವರ ಮನೆಯವರು ಮೊದಲಿಂದಲೂ ನೋಡುತ್ತಿದ್ದರು. ನಮ್ಮಲ್ಲಿ ಹೆಚ್ಚಿನವರು ಕಾಲಿಡಬಾರದವರು. ಬಾಗಿಲು ಮುಚ್ಚಿದರೆ ಕ್ಲಾಸೂ ಮುಚ್ಚಿದಂತೆ. ಇದು ತಮ್ಮನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ನೈಋತ್ಯದ ಬಾಗಿಲು ಮನೆ ಒಡತಿ ಪ್ರಾಣಕ್ಕೆ ಕುತ್ತು ಕಣಮ್ಮ," ಎಂದರು ವಾಸ್ತುವಿನವರು, ಪಾಠದ ನಡುವೆಯೇ ಒಳಗೆ ಬಂದು.

ಮೇಡಂ ನನ್ನ ಕಡೆ ತಿರುಗಿದರು. "ಇವ್ರು ಹೇಳಿದ್ದನ್ನ ಇಂಗ್ಲಿಷ್‌ನಲ್ಲಿ ಹೇಳು."

ಎದ್ದು ನಿಂತು ಹೇಳಿದೆ: "ದ ಡೋರ್ ಈಸ್ ಇನ್ ದ ಸೌತ್ ವೆಸ್ಟ್."

"ಪ್ರಾಣದ ವಿಷ್ಯ ಬಿಟ್ಬುಟ್ಟೆಯಲ್ಲ?"

"ಅದು ದಿಕ್ಕಲ್ಲ ಮೇಡಂ."

ಅವರು ಉಬ್ಬಸದ ನಡುವೆಯೇ ನಕ್ಕರು. ಆಮೇಲೆ ತಮ್ಮನಿಗೆ ಹೇಳಿದರು. "ಕೇಳಿದ್ಯೇನಪ್ಪಾ? ಬಾಗಿಲು ಅಲ್ಲೇ ಇರುತ್ತೆ. ನನ್ನ ಶ್ವಾಸಕ್ಕೆ ಡಾಕ್ಟರು ಔಷಧಿ ಕೊಡ್ತಾರೆ. ಇವ್ರನ್ನ ನಿನ್ನ ಅಂಗಳದಲ್ಲಿ ನಿಲ್ಸಿ ಹೊರಗೆ ಕಳ್ಸೋಕೆ ನಾನು ಕ್ಲಾಸ್ ಇಟ್ಟಿಲ್ಲ." ವಾಸ್ತುವಿನವರು ಬಂದ ಬಾಗಿಲಲ್ಲೇ ಹೊರಟರು. ಬೀದಿಗಿದ್ದದ್ದು ಅದೊಂದೇ ಬಾಗಿಲು.

ಆಮೇಲೂ ಮೇಡಂ ಎಷ್ಟೋ ವರ್ಷ ಬದುಕಿದರು, ಪಾಠ ಹೇಳಿದರು. ನಾನು ಪೊರಕೆ ಬಿಟ್ಟು ಅದೇ ಫ್ಯಾಕ್ಟರಿಯ ಕಂಟ್ರೋಲ್ ರೂಮಿಗೆ ಬಂದೆ. ಯಾವ ಲಾರಿ ಯಾವ ಗೇಟಿಗೆ ಹೋಗಬೇಕೆಂದು ಈಗ ವಾಕಿಟಾಕಿಯಲ್ಲಿ ನಾನೇ ಹೇಳುತ್ತೇನೆ, ಸೂಪರ್‌ವೈಸರ್ ಕೇಳುತ್ತಾರೆ.

ಮೇಡಂ ಹೋದ ದಿನ ಅವರ ತಮ್ಮ, "ಆಗ್ಲೇ ಹೇಳಿದ್ರು, ಬಾಗಿಲು ಸರಿ ಇಲ್ಲ ಅಂತ," ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಈಶಾನ್ಯಕ್ಕೆ ಬಾಗಿಲಿಟ್ಟವರ ಮನೆಯಲ್ಲಿ ಯಾರೂ ಸತ್ತೇ ಇಲ್ಲವೇ? ದೇಹವನ್ನು ಹಿತ್ತಿಲ ಕಡೆಯಿಂದ ಒಯ್ಯೋಣ ಎಂದರು. ನಾವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಚಟ್ಟಕ್ಕೆ ಹೆಗಲು ಕೊಟ್ಟೆವು. ಹೆಂಗಸರು ಹೊರಬಾರದು ಎಂದು ಯಾರೋ ಅಂದರು. ಅನ್ನಲಿ ಎಂದುಕೊಂಡು ನೈಋತ್ಯದ ಬಾಗಿಲಿಂದಲೇ ಮೇಡಂ ಅವರನ್ನು ಬೀದಿಗೆ ತಂದೆವು.

ಮನೆ ತಮ್ಮನ ಪಾಲಿಗೆ ಬಂತು. ಬಾಡಿಗೆಗೆ ಕೊಡುತ್ತೇವೆಂದು ಬೋರ್ಡು ತೂಗುಹಾಕಿದರು. ನೋಡಲು ಬಂದವರೆಲ್ಲ ಬಾಗಿಲು ನೋಡಿಯೇ ವಾಪಸಾದರು. ಕೊನೆಗೆ ನಾವೇ ಹೋಗಿ ಕೇಳಿದೆವು. "ಬೇಕಾದ್ರೆ ಆ ಬಾಗಿಲು ಮುಚ್ಚಿಸಿಕೊಡ್ತೀನಿ," ಎಂದರು, ನಮ್ಮ ಮುಖ ನೋಡದೆ. "ಬೇಡ ಸಾರ್. ಅದಕ್ಕೋಸ್ಕರವೇ ಬಂದಿದೀವಿ," ಎಂದೆ.

ಈಗ ಸಂಜೆ ಕ್ಲಾಸು ನಾನು ತೆಗೆದುಕೊಳ್ಳುತ್ತೇನೆ. ಪಟ ಅಲ್ಲೇ ಇದೆ. ಹೊಸಬರು ಅದನ್ನೇ ನೋಡಿ ನಾರ್ತ್ ಈಸ್ಟ್ ಎನ್ನುತ್ತಾರೆ, ಹಳಬರು ನಗುತ್ತಾರೆ. ನನ್ನ ಕೈ ನೆಟ್ಟಗಿದೆ, ಮೇಡಂ ಹಾಗೆ ತೋರಿಸಲು ಬರುವುದಿಲ್ಲ. ಕ್ಲಾಸಿಗೆ ಮಗಳನ್ನು ಕಳಿಸುವ ಮುಂಚೆ ಕೆಲವು ತಾಯಂದಿರು ಫೋನು ಮಾಡಿ, ಬಾಗಿಲು ಯಾವ ದಿಕ್ಕಿಗೆ ಎಂದು ಕೇಳುತ್ತಾರೆ. ಮೊದಲು ಇಂಗ್ಲಿಷಿನಲ್ಲಿ ಹೇಳುತ್ತೇನೆ, ಆಮೇಲೆ ಕನ್ನಡದಲ್ಲಿ ಹೇಳುತ್ತೇನೆ. ತೆರೆದೇ ಇದೆ, ಕಳಿಸಿ ಎನ್ನುತ್ತೇನೆ.