ನಳದ ಹತ್ತಿರ ನಡೆದ ಮೀಟಿಂಗು

ನಾನು ಸೇಡಮ್ ಕಡೆಯಿಂದ ಸೊಸೆಯಾಗಿ ಬಂದ ವರ್ಷವೇ ನಮ್ಮೂರ ಪುರಸಭೆಗೆ ಚುನಾವಣೆ ಬಂತು. ವಾಡಿಯಿಂದ ರೈಲಿನಲ್ಲಿ ಹೆಚ್ಚು ದೂರವಿಲ್ಲದ ಊರು. ಸುತ್ತಲೂ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳು. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಗಿತ್ತು. ಓಣಿಯ ಹಿರಿಯರು ಬಂದು ಮಾವನವರನ್ನು ಕೇಳಿ, ಅತ್ತೆಯ ಹೆಸರು ಬರೆದುಕೊಂಡು ಹೋದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯನ್ನು ಯಾರೂ ಕೇಳಲಿಲ್ಲ.

ಗೆದ್ದ ಮೇಲೆ ಒಂದು ವಾರ ಪಾಟಿ, ಬಳಪ ಹಿಡಿದು ಅವರಿಗೆ ಸಹಿ ಕಲಿಸಿದವಳು ನಾನು. ಅಕ್ಷರಗಳು ಒಂದೊಂದು ದಿಕ್ಕಿಗೆ ಓಡುತ್ತಿದ್ದವು. ಅತ್ತೆ ಅಕ್ಷರಗಳನ್ನೇ ಬೈಯುತ್ತಿದ್ದರು.

ಮೊದಲ ಮೀಟಿಂಗಿಗೆ ಮಾವ ಇಸ್ತ್ರಿ ಅಂಗಿ ತೊಟ್ಟು ಮುಂದೆ ನಡೆದರು. ಹಿಂದೆ ಅತ್ತೆ, ಅವರ ಹಿಂದೆ ನಾನು. ಜವಾನ ಅತ್ತೆಯ ಕುರ್ಚಿಯನ್ನು ಮಾವನಿಗೆ ಸರಿಸಿ ಕೊಟ್ಟ. ಅವರು ಕುಳಿತೂ ಬಿಟ್ಟರು.

"ಏನ್ರಿ, ಆರಿಸಿ ಬಂದಾಕಿ ನಾ. ನೀವು ಹೊರಗ ಗಿಡದ ನೆಳ್ಳಾಗ ಕುಂದ್ರಿ," ಎಂದರು ಅತ್ತೆ, ಮೆಲ್ಲಗೆ.

ಎಲ್ಲರೂ ನಕ್ಕರು. ಮಾವನಿಗೂ ನಗು ತಡೆಯಲಾಗಲಿಲ್ಲ. ಎದ್ದು ಹೋಗಿ ಬೇವಿನ ಗಿಡದ ಕೆಳಗೆ ಚಹಾ ತರಿಸಿಕೊಂಡು ಕುಳಿತರು.

ಆಗ ನಮ್ಮ ಓಣಿಗೆಲ್ಲ ಒಂದೇ ನಳ. ನೀರು ಬರುತ್ತಿದ್ದದ್ದು ಮಧ್ಯಾಹ್ನ, ಹೆಂಗಸರೆಲ್ಲ ಖಣಿಯಲ್ಲಿ ಕಲ್ಲು ಹೊರುವ ಹೊತ್ತಿಗೆ. ಬೆಳಿಗ್ಗೆ ಬಿಡಿ ಎಂದು ಅತ್ತೆ ಮೂರು ಮೀಟಿಂಗಿನಲ್ಲಿ ಕೇಳಿದರು. ಮೂರು ಸಲವೂ "ನೋಡೋಣು" ಎಂಬ ಉತ್ತರ.

"ಹಂಗಾರ ನೋಡ್ಲಿಕ್ಕೇ ಬರ್ರಿ. ಮುಂದಿನ ಮಾತು ನಳದ ಹತ್ರ ಆಡೋಣು," ಎಂದರು ಅತ್ತೆ.

ತಮಾಷೆ ಇರಬಹುದೆಂದು ಪುರಸಭೆಯ ಅಧ್ಯಕ್ಷರು ಐದಾರು ಸದಸ್ಯರೊಡನೆ ಬಂದರು. ನೆತ್ತಿ ಸುಡುವ ಬಿಸಿಲು. ಅತ್ತೆ ಒಬ್ಬೊಬ್ಬರ ಹೆಗಲಿಗೂ ತುಂಬಿದ ಕೊಡ ಏರಿಸಿ, "ಭಾಳ ದೂರ ಇಲ್ರಿ, ನಮ್ಮ ಮನಿ ತನಕ," ಎಂದರು. ಅಧ್ಯಕ್ಷರು ದಪ್ಪ ಆಳು. ಅರ್ಧ ದಾರಿಗೇ ಕೊಡ ಇಳಿಸಿ, ತೊಯ್ದ ಧೋತರ ಹಿಂಡುತ್ತ ನಿಂತರು.

"ಅಕ್ಕಾ, ಸಾಕ್ರಿ! ನಾಳಿಂದ ಮುಂಜಾನಿನೇ ನೀರ್ ಬಿಡಸ್ತೀನಿ."

ಮನೆಯಲ್ಲಿ ಎಲ್ಲರಿಗೂ ಚುರುಮುರಿ ಒಗ್ಗರಣೆ ಹಾಕಿದ ಸುಸಲಾ ಕೊಟ್ಟೆ. ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಮುಂದೆ ತಮ್ಮ ಅವಧಿ ಮುಗಿದಾಗ ಅತ್ತೆಯನ್ನು ಅಧ್ಯಕ್ಷೆ ಮಾಡಬೇಕೆಂದು ಮೊದಲು ಕೈ ಎತ್ತಿದವರು ಆ ದಪ್ಪ ಅಧ್ಯಕ್ಷರೇ.

ಅಧ್ಯಕ್ಷೆಯಾದ ಅತ್ತೆ ಪ್ರತಿ ನಳದ ಪಕ್ಕ ಕೊಡ ಇಡಲು ಫರಸಿ ಕಟ್ಟೆ ಹಾಕಿಸಿದರು. ಎತ್ತರ ಎಷ್ಟಿರಲಿ ಎಂದು ಇಂಜಿನಿಯರು ಕೇಳಿದಾಗ, ಬಸುರಿಯಾಗಿದ್ದ ನನ್ನನ್ನು ಅಲ್ಲೇ ನಿಲ್ಲಿಸಿ ಸೊಂಟ ಮುಟ್ಟಿ ತೋರಿಸಿದರು. "ಬಗ್ಗೂದು ಬ್ಯಾಡ. ಇಷ್ಟು ಮಾಡ್ರಿ." ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆದರೆ ಇಡೀ ಊರಿನ ಕಟ್ಟೆಗಳೆಲ್ಲ ನನ್ನ ಸೊಂಟದ ಅಳತೆಗೇ ಆದವು. ಅತ್ತೆಯ ಹೆಸರು ಯಾವ ಗೋಡೆಯ ಮೇಲೂ ಇಲ್ಲ; ಆ ಕಟ್ಟೆಗಳು ಕೆಲವು ಇನ್ನೂ ಇವೆ.

ತಾವು ನಿಂತ ಕೊನೆಯ ಚುನಾವಣೆಯಲ್ಲಿ ಅತ್ತೆ ಸೋತರು. ಗೆದ್ದವಳು ರವಿಕೆ ಹೊಲಿಯುವ ಚಿಕ್ಕ ವಯಸ್ಸಿನ ಹೆಂಗಸು. ಮರುದಿನ ಹೆದರುತ್ತಲೇ ಬಂದು ಅತ್ತೆಯ ಕಾಲಿಗೆ ಬಿದ್ದಳು. ಅತ್ತೆ ಅವಳಿಗೆ ಚಹಾ ಕುಡಿಸಿ, ಚಪ್ಪಲಿ ಮೆಟ್ಟಿ ಎದ್ದೇ ಬಿಟ್ಟರು.

"ನಡಿಯವ್ವಾ, ಎಲ್ಲಿ ಪೈಪ್ ಸೋರಾಕತ್ತೈತಿ ತೋರಸ್ತೀನಿ."

ಗಲ್ಲಿ ಗಲ್ಲಿ ತಿರುಗಿಸಿ ಊಟದ ಹೊತ್ತಿಗೆ ಮರಳಿದರು. ಆ ಹುಡುಗಿ ನಮ್ಮಲ್ಲೇ ಉಂಡು ಹೋದಳು. ಅತ್ತೆ ಪಡಸಾಲೆಯಲ್ಲಿ ಚಾಪೆ ಹಾಸಿ, ಎಷ್ಟೋ ವರ್ಷಗಳ ಮೇಲೆ, ಮಧ್ಯಾಹ್ನ ಗೊರಕೆ ಹೊಡೆದು ನಿದ್ದೆ ಮಾಡಿದರು.