ಮಾಜಿ ಸೈನಿಕರ ಅರ್ಧ ಲೋಟ ನೀರು

ಹುಣಸೂರಿನ ಡಯಾಲಿಸಿಸ್ ಕೋಣೆಯಲ್ಲಿ ನಮ್ಮ ಯಜಮಾನರ ಪಕ್ಕದ ಹಾಸಿಗೆ ಒಬ್ಬ ಮಾಜಿ ಸೈನಿಕರದು. ಮಲಗುವ ಮೊದಲು ಚಪ್ಪಲಿಗಳನ್ನು ಒಂದೇ ಗೆರೆಗೆ ಜೋಡಿಸಿಡುತ್ತಿದ್ದರು. ಸೈನ್ಯದಲ್ಲಿದ್ದಾಗ ತಲೆಗೆ ಬಿದ್ದ ಪೆಟ್ಟಿನಿಂದ ನೆನಪು ಆಗಾಗ ಕೈಕೊಡುತ್ತಿತ್ತು. ದಿನಕ್ಕೆ ಇಷ್ಟೇ ನೀರೆಂದು ಡಾಕ್ಟರು ಹೇಳಿದ್ದರಿಂದ, "ನೀರು ಕುಡುದ್ನಾ ನಾನು?" ಎಂದು ಹೆಂಡತಿಯನ್ನು ಕೇಳುತ್ತಲೇ ಇರುತ್ತಿದ್ದರು.

ಒಮ್ಮೆ ಆಕೆ ಮಾತ್ರೆ ತರಲು ಹೋಗಿದ್ದಾಗ ನನ್ನನ್ನು ಕೇಳಿದರು. ಒಣಗಿದ ತುಟಿ ನೋಡಿ, "ಇಲ್ಲ ಅನ್ಸುತ್ತೆ ಅಣ್ಣ," ಎಂದು ಅರ್ಧ ಲೋಟ ಕೊಟ್ಟೆ.

ಹಿಂದಿರುಗಿದ ಆಕೆ ಲೋಟ ಕಂಡು ಸಿಡುಕಿದರು. "ಇವತ್ತಿನ್ ನೀರೆಲ್ಲ ಒತ್ತಾರೇನೇ ಕುಡ್ದು ಮುಗ್ಸಿದ್ರಲ್ಲ! ಉಸ್ರು ಕಟ್ಟುದ್ರೆ ಏನ್ ಮಾಡನ? ಯಾರು ಕೊಟ್ಟೋರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, "ನಾನೇ ತಕ್ಕಂಡೆ ಕಣಮ್ಮಿ, ಬುಡು," ಎಂದರು.

ನಿಜಕ್ಕೂ ಮರೆತಿದ್ದರೋ, ನನ್ನನ್ನು ಉಳಿಸಿದರೋ, ತಿಳಿಯಲಿಲ್ಲ. ಆಕೆ ಅವರನ್ನು ಬೈಯುತ್ತಲೇ ಇದ್ದರು. ನಾನು ನಮ್ಮ ಯಜಮಾನರ ಕಡೆ ತಿರುಗಿ ಹೊದಿಕೆ ಸರಿಮಾಡತೊಡಗಿದೆ.