ಅತ್ತೆಯ ಕಿವಿಗೆ ಸಿಕ್ಕ ಉಪಗ್ರಹ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಒಳಗೊಳಗೇ ನಗುತ್ತಿದ್ದವಳು ನಾನು. ಸರ್ಕಾರಿ ಕಚೇರಿಯಲ್ಲಿ ಕೂತು ಇಪ್ಪತ್ತು ವರ್ಷ ಜನರ ರಜೆ ಅರ್ಜಿ ಓದಿದವಳು ಯಾವ ಕಥೆಯನ್ನು ತಾನೇ ನಂಬಿಯಾಳು? ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಮಗಳು ಮೇಘನಾ ಮತ್ತು ಅವಳ ಗೆಳತಿಯರು ಕಾಲೇಜಿನಲ್ಲಿ ಮೂರು ವರ್ಷ ಕಷ್ಟಪಟ್ಟು ಒಂದು ಪುಟ್ಟ ಉಪಗ್ರಹ ಮಾಡಿದರು. ಅದು ಇನ್ನೂ ಹತ್ತಾರು ಉಪಗ್ರಹಗಳ ಜೊತೆ ಒಂದೇ ರಾಕೆಟ್ಟಿನಲ್ಲಿ ಹೋಯಿತು. ರಾಡಾರಿಗೆ ಎಲ್ಲವೂ ಕಂಡವು, ಕಕ್ಷೆಗಳ ಪಟ್ಟಿಯೂ ಬಂತು. ಆದರೆ ಅದರಲ್ಲಿ ಇವರದ್ದು ಯಾವುದೆಂದು ಯಾರಿಗೂ ಗೊತ್ತಿಲ್ಲ. ಅದರ ದನಿಯೋ ತೀರಾ ಕ್ಷೀಣ. ಕಕ್ಷೆ ತಿಳಿದರೆ ಮಾತ್ರ ಕಂಪ್ಯೂಟರಿಗೆ ಅದನ್ನು ಗದ್ದಲದಿಂದ ಬೇರ್ಪಡಿಸಲು ಸಾಧ್ಯ. ಒಂದೊಂದನ್ನೇ ಹಾಕಿ ನೋಡುತ್ತ ಕೂರಲು ಸಮಯವಿಲ್ಲ. ಆ ಭಾನುವಾರ ಸಂಜೆಯೊಳಗೆ ಸೌರಫಲಕ ಬಿಚ್ಚುವಂತೆ ಆದೇಶ ಕಳಿಸದಿದ್ದರೆ ಬ್ಯಾಟರಿ ಮುಗಿದು ಎಲ್ಲವೂ ನೀರಿನಲ್ಲಿ ಮಾಡಿದ ಹೋಮ.

ಅವತ್ತು ಮಧ್ಯಾಹ್ನ ಸರೋಜಿನಿ ನಗರದ ನಮ್ಮ ಕ್ವಾರ್ಟರ್ಸಿನ ತಾರಸಿಯಲ್ಲಿ, ಚಳಿಗಾಲದ ಬಿಸಿಲಿಗೆ ಮೈಯೊಡ್ಡಿ, ಅತ್ತೆ ಬಟಾಣಿ ಬಿಡಿಸುತ್ತಿದ್ದರು. ಒಂದು ಕಾಲಕ್ಕೆ ಸಂಗೀತ ಕಲಿಸುತ್ತಿದ್ದವರು. ಈಗ ಪಕ್ಕದಲ್ಲೇ ಕುಕ್ಕರ್ ಕೂಗಿದರೂ ಕೇಳಿಸದು. ಮಗಳು ಕೈಯಲ್ಲಿ ಆಂಟೆನಾ ಹಿಡಿದು, ಹೆಡ್‌ಫೋನ್ ಹಾಕಿ ನಿಂತಿದ್ದಳು. ಅದರಲ್ಲಿ ಬರೀ ಸುಯ್ ಎಂಬ ಸದ್ದು.

ಇದ್ದಕ್ಕಿದ್ದಂತೆ ಅತ್ತೆ ತಲೆಯೆತ್ತಿದರು. "ಯಾರೇ ಅದು ಶ್ರುತಿ ಜಾರಿಸ್ತಿರೋದು? ಇಗೋ, ಈಗ ಇಳೀತು ನೋಡು!"

"ಅಜ್ಜಿ, ಪ್ಲೀಸ್, ಏಕ್ ಮಿನಿಟ್ ಚುಪ್..." ಎನ್ನುತ್ತಿದ್ದ ಮಗಳು ತಟ್ಟನೆ ತಿರುಗಿದಳು. "ಅಮ್ಮಾ, ಟೈಮ್ ನೋಡು, ಟೈಮ್!"

ಉಪಗ್ರಹ ನಮ್ಮನ್ನು ದಾಟುವಾಗ ಅದರ ಸ್ವರ ಇಳಿಯುತ್ತದಂತೆ, ರೈಲು ದಾಟಿದಾಗ ಅದರ ಸೀಟಿ ಇಳಿಯುವ ಹಾಗೆ. ಇಳಿದ ಕ್ಷಣ ಗೊತ್ತಾದರೆ ಪಟ್ಟಿಯಲ್ಲಿ ಯಾವುದೆಂದು ಹೇಳಬಹುದಂತೆ. ನಾನು ನಗುತ್ತಲೇ ಮೊಬೈಲ್ ನೋಡಿ ಸೆಕೆಂಡು ಸಮೇತ ಬರೆದುಕೊಟ್ಟೆ.

ಆ ಸೆಕೆಂಡಿಗೆ ದಾಟಿದ್ದು ಒಂದೇ ಒಂದು. ಅದರ ಕಕ್ಷೆ ಕೊಟ್ಟು ಮಗಳು ಮಾಡಿಕೊಂಡಿದ್ದ ರೆಕಾರ್ಡಿಂಗನ್ನು ಮತ್ತೆ ಶೋಧಿಸಿದರೆ, ಗದ್ದಲದಡಿ ಸಣ್ಣಗೆ ಇವರದೇ ಉಪಗ್ರಹ! ಸಂಜೆಯೊಳಗೆ ಕಾಲೇಜಿನಿಂದ ಆದೇಶ ಹೋಯಿತು, ಉತ್ತರವೂ ಬಂತು. ಹುಡುಗಿಯರೆಲ್ಲ ಓಡಿಬಂದು ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ಕುಣಿಸಿದರು. ಸಂತೋಷಕ್ಕೆ ನನಗೆ ಅಳುವೇ ಬಂತು.

ಹುಡುಗಿಯರ ಪ್ರೊಫೆಸರು ಕಾಕತಾಳೀಯ ಎಂದರು. ಸೆಕೆಂಡಿಗೆ ಸರಿಯಾಗಿಯೇ ಎಂದು ಕೇಳಿದರೆ ನಾನು ಬರೆದ ಚೀಟಿ ಇಸಿದುಕೊಂಡು ಮತ್ತೊಮ್ಮೆ ಲೆಕ್ಕ ಹಾಕತೊಡಗಿದರು. ಅತ್ತೆಯಂತೂ, "ಅಷ್ಟು ಜೋರಾಗಿತ್ತಲ್ಲೇ, ನಿಮಗೆ ಕೇಳಿಸ್ಲಿಲ್ವಾ?" ಎಂದು ನಮ್ಮ ಕಿವಿಗಳಿಗಾಗಿ ಮರುಗಿದರು.

ಮಗಳ ತಂಡದ ದಾಖಲೆ ಪುಸ್ತಕದಲ್ಲಿ ಆ ದಿನ ಸಂಕೇತ ಹಿಡಿದವರು ಎಂಬಲ್ಲಿ ಅತ್ತೆಯ ಹೆಸರಿದೆ. ಬಳಸಿದ ಉಪಕರಣ ಎಂಬ ಜಾಗ ಖಾಲಿ. ಏನಾದರೂ ತುಂಬು ಎಂದೆ. "ಕ್ಯಾ ಲಿಖೂಂ ಅಮ್ಮಾ, ಏನಂತ ಬರೀಲಿ, ನೀನೇ ಹೇಳು" ಎಂದಳು. ಅದು ಇವತ್ತಿಗೂ ಖಾಲಿಯೇ ಇದೆ.